ಎಲ್ಲಿಗೆ ಹೊಂಟಿ ಎಂದು ಕೇಳುವವರಿಗೆ

ಲಕ್ವಾ ಹೊಡೆದವರು ಇದನ್ನು ಓದಲಾರರು. ಅವರನ್ನು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಂಬಳಿ ಹೊದಿಸಿ ಮಲಗಿಸಿರುತ್ತಾರೆ. ಓದಲು ಅಲ್ಲಿ ಬೆಳಕಾದರೂ ಎಲ್ಲಿ? ಹಾಗಾಗಿ ಅವರ ಮನೆಯವರು ಓದಲಿ ಎಂದು ಇದನ್ನು ಬರೆಸುತ್ತಿದ್ದೇನೆ. ಮೊದಲು ಹೋಗಿ ಆ ಕಿಟಕಿ ತೆರೆದು ಬನ್ನಿ, ಆಮೇಲೆ ಮುಂದಕ್ಕೆ ಓದಿ.

ಬರೆಸುತ್ತಿದ್ದೇನೆ ಎಂದೆ. ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ಚಂದಮ್ಮ ಎಂದು ಹೆಸರು ಬರೆಯುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ನಾನು ಹೇಳುತ್ತೇನೆ, ಸೊಸೆ ಕವಿತಾ ಬರೆಯುತ್ತಾಳೆ. ಅವಳು ಅಂಗನವಾಡಿ ಟೀಚರು. ನನ್ನ ಬಾಯಿಮಾತನ್ನು ಪುಸ್ತಕದ ಮಾತಿಗೆ ತಿದ್ದುತ್ತಾಳೆ, ಓದಿ ಹೇಳುತ್ತಾಳೆ, ನಾನು ಹೂಂ ಎಂದ ಮೇಲೆ ಮುಂದೆ ಹೋಗುತ್ತಾಳೆ. ಇದರಲ್ಲಿ ಅವಳನ್ನು ಬೈದದ್ದೇ ಬಹಳ ಇದೆ.

"ಇದೂ ಬರೀಬೇಕಾ ಅತ್ತಿ?" ಎಂದು ನಡುನಡುವೆ ಕೇಳುತ್ತಾಳೆ.

"ಬರಿ" ಎನ್ನುತ್ತೇನೆ.

ನಮ್ಮ ಮನೆ ಇರುವುದು ವಾಡಿಯಲ್ಲಿ. ವಯಸ್ಸಿನಲ್ಲಿ ನಾನು ಶಹಾಬಾದಿನ ಖಣಿಗಳಲ್ಲಿ ಪರ್ಸಿ ಹೊತ್ತವಳು. ಮನೆಯ ನೆಲಕ್ಕೆ ಹಾಸುತ್ತೀರಲ್ಲ, ಆ ಚಪ್ಪಟೆ ಕಲ್ಲು. ಬಿಸಿಲೆಂದು ಕೂತಿಲ್ಲ, ಚಳಿಯೆಂದು ಮಲಗಿಲ್ಲ. ಗಂಡ ಸತ್ತ ಮೇಲೆ, ಮಗ ಸಿದ್ಧಾರ್ಥನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಸಿಕ್ಕ ಮೇಲೆ, ಕಲ್ಲು ಬಿಟ್ಟೆ. ಆದರೂ ತೊಗರಿ ಹೊಲದ ಕಳೆ ಕೆಲಸಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. ದುಡಿಯುವ ಮೈಗೆ ಲಕ್ವಾ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತದೆ. ಬಿ.ಪಿ. ಇದೆ ಎಂದು ಹೇಳಿ ಕೊಟ್ಟ ಗುಳಿಗೆಯನ್ನು ತಲೆನೋವು ಬಂದಾಗ ಮಾತ್ರ ನುಂಗುತ್ತಿದ್ದರೆ ಖಂಡಿತ ಬರುತ್ತದೆ.

ಚಳಿಗಾಲ ಮುಗಿಯುತ್ತ ಬಂದಿತ್ತು. ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮೊರ ಎಡಕ್ಕೆ ಜಾರಿತು. ಹಿಡಿ ಎಂದು ಕೈಗೆ ಹೇಳಿದೆ, ಕೈ ಕೇಳಲಿಲ್ಲ. ಬೇಳೆಯೆಲ್ಲ ಮಣ್ಣುಪಾಲಾಯಿತು. ನನಗೆ ಮೊದಲು ಬಂದದ್ದು ಸಿಟ್ಟು. ಕವಿತಾ ಎಂದು ಕೂಗಿದೆ, ಬಾಯಿಂದ ಬೇರೇನೋ ಬಂತು. ಅವಳು ಓಡಿ ಬಂದು ನನ್ನ ಮುಖ ನೋಡಿ ಚೀರಿದಳು. ಆ ಚೀರಾಟ ಕೇಳಿದ ಮೇಲೆಯೇ ನನಗೆ ಹೆದರಿಕೆಯಾಯಿತು.

ಕಲಬುರಗಿಯ ದವಾಖಾನೆಗೆ ಒಯ್ದರು. ಅಲ್ಲಿನದು ಉದ್ದ ಹೇಳುವುದಿಲ್ಲ. ಗುಡುಗುಡು ಎನ್ನುವ ಮಷೀನಿನೊಳಗೆ ತಲೆ ಹಾಕಿಸಿದರು. ಹೊರಗಿನ ಬೆಂಚಿನ ಮೇಲೆ ಸಿದ್ಧಾರ್ಥ ನನ್ನ ಚಪ್ಪಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನೆಲದ ಮೇಲಿಟ್ಟರೆ ಯಾರಾದರೂ ಒಯ್ಯುತ್ತಾರೆ ಎಂದು. ಹರಿದ ಚಪ್ಪಲಿ. ನನ್ನ ಎಡಗೈ ಎಡಗಾಲು ಎರಡೂ ಹೋದವು ಎಂದು ಡಾಕ್ಟರು ಹೇಳಿದಾಗ ಅವನು ಆ ಚಪ್ಪಲಿ ನೋಡಿದ್ದನ್ನು ನಾನು ನೋಡಿದೆ.

ಬಿಡುಗಡೆಯಾಗುವ ದಿನ ದವಾಖಾನೆಯವರು ನನ್ನನ್ನು ಎಬ್ಬಿಸಿ ಕೂರಿಸಿದರು. "ಮನೆಯಾಗ ಮಲಗಿಸಿ ಇಡಬ್ಯಾಡ್ರಿ, ದಿನಾ ಎಬ್ಬಸ್ರಿ, ನಿಲ್ಲಸ್ರಿ, ಚಿತ್ತಾಪುರದಾಗ ವ್ಯಾಯಾಮ ಹೇಳಿಕೊಡೋರು ಅದಾರ, ಅಲ್ಲಿಗಿ ಕರ್ಕೊಂಡು ಹೋಗ್ರಿ" ಎಂದು ಮಗನಿಗೂ ಸೊಸೆಗೂ ಹೇಳಿದರು. ಇಬ್ಬರೂ ಗೋಣು ಹಾಕಿದರು. ಆ ಮಾತು ದವಾಖಾನೆಯ ಗೇಟು ದಾಟಲಿಲ್ಲ.

ಏಕೆಂದರೆ ಮನೆಯ ಬಾಗಿಲಲ್ಲಿ ನನ್ನ ಮೈದುನ ಹಣಮಂತ ನಿಂತಿದ್ದ. ನನ್ನ ಗಂಡನ ತಮ್ಮ. ಮದುವೆಯಿರಲಿ ಮಣ್ಣಿರಲಿ ಮುಂದೆ ನಿಂತು ಎಲ್ಲರಿಗೂ ಹೇಳುವವನು ಅವನೇ.

"ಲಕ್ವಾ ಅಂದ್ರ ಏನು? ಗಾಳಿ. ಗಾಳಿ ಹೊಡದಾಕಿಗಿ ಮತ್ತ ಗಾಳಿ ತಾಕಿತಂದ್ರ ಕಥಿ ಮುಗೀತು. ಮೊದಲ ತಲಿಗಿ ಬಟ್ಟಿ ಕಟ್ರಿ" ಎಂದ.

ಮರುದಿನವೇ ಬಾಡಿಗೆ ಜೀಪು. ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಔಷಧ ಕೊಡುವ ಒಬ್ಬ ಇದ್ದ. ಹುಣಸೆಮರದ ಕೆಳಗೆ ನಮ್ಮಂಥವರ ಸಂತೆ. ಎಲ್ಲರ ತಲೆಗೂ ಕಿವಿಗೂ ಬಟ್ಟೆ, ಎಲ್ಲರ ಬಾಯಿಯೂ ಒಂದು ಕಡೆಗೆ. ನನ್ನ ಪಕ್ಕದಲ್ಲಿ ಸೇಡಂ ಕಡೆಯ ಒಬ್ಬ ಮುದುಕ. ಅರ್ಧ ತೆಲುಗು, ಅರ್ಧ ಕನ್ನಡ. ಎರಡೂ ಅರ್ಧ ಬಾಯಿಂದ. ಅವನು ಹೇಳಿದ್ದು ನನಗೆ ತಿಳಿಯಲಿಲ್ಲ, ನಾನು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಆದರೂ ಸೂರ್ಯ ನೆತ್ತಿಗೆ ಬರುವವರೆಗೆ ಇಬ್ಬರೂ ಮಾತಾಡಿದೆವು. ಆ ಕಾಯಿಲೆಯಲ್ಲಿ ನನಗೆ ಸಿಕ್ಕ ಮೊದಲ ಸುಖ ಅದೇ. ಅವನೊಬ್ಬ ನನ್ನನ್ನು ನೋಡಿ ಅಯ್ಯೋ ಎನ್ನಲಿಲ್ಲ.

ಔಷಧದವನು ಎಣ್ಣೆ ಕೊಟ್ಟ. ಪಾರಿವಾಳ ಕೊಯ್ದು ಅದರ ಬಿಸಿ ರಕ್ತ ಕೈಕಾಲಿಗೆ ಹಚ್ಚಬೇಕು ಎಂದ. ಗಾಳಿ ತಾಕಬಾರದು, ಕಾಲು ನೆಲಕ್ಕೆ ಹತ್ತಬಾರದು, ದವಾಖಾನೆಯ ಗುಳಿಗೆ ನಿಲ್ಲಿಸಬೇಕು ಎಂದ.

ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೋ ಇದೆ. ಕೊಲ್ಲಬಾರದು, ಮೂಢನಂಬಿಕೆ ಇರಬಾರದು ಎಂದು ಮಕ್ಕಳಿಗೆ ಅದರ ಮುಂದೆ ಕೂರಿಸಿ ಹೇಳಿಕೊಡುವವನು ಇದೇ ಹಣಮಂತ. ಅದೇ ಫೋಟೋದ ಕೆಳಗೆ ಪಾರಿವಾಳವನ್ನು ಚೀಲದಲ್ಲಿ ಹಿಡಿದುಕೊಂಡು ಬಂದ. ನನಗೆ ಆಗ ಮಾತು ನೆಟ್ಟಗೆ ಬರುತ್ತಿರಲಿಲ್ಲ, ಬಂದಿದ್ದರೆ ಅವನ ಮುಖಕ್ಕೆ ಹೇಳುತ್ತಿದ್ದೆ. ಪಾರಿವಾಳ ಹೋಯಿತು, ನನ್ನ ಕೈಕಾಲು ಬರಲಿಲ್ಲ, ಹಾಸಿಗೆ ನಾರಿತು. ಅಷ್ಟೇ ಆದದ್ದು.

ಗುಳಿಗೆಯನ್ನು ಮಾತ್ರ ಕವಿತಾ ನಿಲ್ಲಿಸಲಿಲ್ಲ. ಹಣಮಂತನ ಮುಂದೆ ಆಯಿತು ಮಾಮಾ ಎಂದು ಹೇಳಿ, ಅಂಬಲಿಯಲ್ಲಿ ಪುಡಿಮಾಡಿ ಕಲಸಿ ಕುಡಿಸುತ್ತಿದ್ದಳು. ಕಹಿ ಎಂದು ನಾನು ಉಗುಳಿದರೆ ಮತ್ತೆ ಕುಡಿಸುತ್ತಿದ್ದಳು. ನಾನು ಇವತ್ತು ಇದನ್ನು ಹೇಳಲು ಉಳಿದಿರುವುದು ಆ ಕಹಿಯಿಂದ. ಇದನ್ನೂ ಬರಿ ಎಂದೆ, ತಲೆ ತಗ್ಗಿಸಿ ಬರೆದಳು.

ಇನ್ನು ಆ ಕೋಣೆ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೋಡೆಯೂ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲು, ಹಗಲಿಡೀ ಕಾದದ್ದು ರೊಟ್ಟಿಯ ಹಂಚಿನಂತೆ ಇರುತ್ತದೆ. ಅದರೊಳಗೆ ನಾನು, ತಲೆಗೆ ಉಲ್ಲನ್ ಮಫ್ಲರು, ಮೈಮೇಲೆ ಕಂಬಳಿ, ಬಾಗಿಲ ಸಂದಿಗೆ ಗೋಣಿಚೀಲ. ಫ್ಯಾನಿನ ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದ್ದರು, ಯಾರೂ ಮರೆತು ಹಾಕದಿರಲಿ ಎಂದು. ನೋಡಲು ಬಂದವರು ಬೆವರು ಒರೆಸಿಕೊಳ್ಳುತ್ತ, "ಹಿಂಗ ಬೆಚ್ಚಗ ಇಟ್ರ ಚಲೋ" ಎಂದು ಹೇಳಿ ಹೊರಗೆ ಗಾಳಿಗೆ ಓಡಿ ಹೋಗುತ್ತಿದ್ದರು. ಎಲ್ಲರೂ ಬಿಸ್ಕೀಟು ತಂದರು. ಒಬ್ಬರೂ ನನ್ನನ್ನು ಎಬ್ಬಿಸಿ ಕೂರಿಸಲಿಲ್ಲ.

ನಾನು ಸಾಯುವುದಕ್ಕೆ ಹೆದರಿದವಳಲ್ಲ. ಖಣಿಯಲ್ಲಿ ಕಲ್ಲು ಬಿದ್ದು ಸತ್ತವರನ್ನು ನೋಡಿದ್ದೇನೆ. ನನಗೆ ಇದ್ದ ಸಂಕಟ ಒಂದೇ, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ನಮ್ಮ ಸಂಡಾಸ ಅಂಗಳದ ಆ ತುದಿಯಲ್ಲಿದೆ. ಅಲ್ಲಿಗೆ ನಾನು ಹೋಗಲಾರೆ. ಕವಿತಾ ಹಾಸಿಗೆಯ ಬದಿಗೆ ಬಕೆಟ್ಟು ತಂದು, ನನ್ನ ಸೀರೆ ಎತ್ತಿ, ಕಂಕುಳಲ್ಲಿ ಕೈಹಾಕಿ ಕೂರಿಸಿ, ತೊಳೆದು, ಮಲಗಿಸುತ್ತಿದ್ದಳು. ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಬಕೆಟ್ಟಿಗೆ ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ನಡೆಯಬೇಕು, ಮತ್ತೆ ಹೊಲಕ್ಕೆ ಹೋಗಬೇಕು ಎಂಬ ಆಸೆಯೆಲ್ಲ ನನಗಿರಲಿಲ್ಲ. ಸಂಡಾಸಕ್ಕೆ ನಾನೇ ಹೋಗಬೇಕು. ಅಷ್ಟೇ.

ಕೆಲಸವನ್ನಾದರೂ ಕೊಡು ಎಂದು ಕೇಳುತ್ತಿದ್ದೆ. ಆಗ ಮಾತು ತುಸು ತಿರುಗಿತ್ತು. ಬೆಳ್ಳುಳ್ಳಿ ಸುಲಿಯುತ್ತೇನೆ ಎಂದರೆ ಕವಿತಾ ಗಾಬರಿಯಾಗುವಳು.

"ಬ್ಯಾಡ ಅತ್ತಿ. ನೋಡಿದವರು ಏನಂತಾರ? ಅತ್ತಿಗಿ ಲಕ್ವಾ ಹೊಡದ್ರೂ ಸೊಸಿ ಬಿಡಲಾರದ ದುಡಸ್ಲಿಕತ್ತಾಳ ಅಂತಾರ. ನೀವು ಸುಮ್ನ ಮಕ್ಕೋರಿ."

ಓಣಿಯ ಬಾಯಿಗೆ ಹೆದರಿ ನನ್ನ ಕೈಯನ್ನು ಕಟ್ಟಿಹಾಕಿದರು. ನಮ್ಮಲ್ಲಿ ಮರ್ಯಾದೆ ಎಂದರೆ ಇದೇ. ಮುದುಕಿಯ ಕೈಯಿಂದ ಎಲ್ಲ ಕಿತ್ತುಕೊಂಡು ಹಾಸಿಗೆಯ ಮೇಲೆ ಕೂರಿಸುವುದು. ಆ ಮರ್ಯಾದೆಯಿಂದ ನನ್ನ ಬೆರಳುಗಳು ಕೋಳಿಯ ಕಾಲಿನಂತೆ ಒಳಕ್ಕೆ ಮಡಿಚಿಕೊಂಡವು.

ಒಂದು ದಿನ ಓಣಿಯಲ್ಲಿ ಮದುವೆ. ಎಲ್ಲರೂ ಅಕ್ಕಿಕಾಳು ಹಾಕಲು ಹೋಗಿದ್ದರು. ಈಗ ಬರುತ್ತೇವೆ ಎಂದು ಹೋದವರು ಊಟಕ್ಕೆ ಕೂತಿರಬೇಕು. ನನಗೆ ಅವಸರವಾಯಿತು. ಕೂಗಿದೆ, ಬ್ಯಾಂಡಿನ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಹಾಸಿಗೆ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಉರುಳಿ ಕೆಳಗೆ ಬಿದ್ದೆ. ಬಲಗೈ ಊರಿ, ಬಲಗಾಲಿನಿಂದ ಒದ್ದು, ಎಡಭಾಗವನ್ನು ಚೀಲದಂತೆ ಎಳೆದುಕೊಂಡು ಹೊರಟೆ. ಗೋಣಿಚೀಲ ಸರಿಸಿ ಬಾಗಿಲು ದೂಡಿದೆ. ನಡುಮಧ್ಯಾಹ್ನದ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಕಾದ ಗಾಳಿ, ಧೂಳಿನ ಗಾಳಿ. ತೆವಳುವುದನ್ನು ನಿಲ್ಲಿಸಿದೆ. ಸಾಯುತ್ತೇನೇನೋ ಎಂದು ಕಾದೆ. ಏನೂ ಆಗಲಿಲ್ಲ. ಮಫ್ಲರು ಕಿತ್ತು ಎಸೆದು ಅಂಗಳಕ್ಕೆ ಇಳಿದೆ. ಸಂಡಾಸದ ಬಾಗಿಲವರೆಗೂ ಹೋದೆ. ಒಳಗೆ ಹತ್ತುವ ಮೆಟ್ಟಿಲು ಏರಲಾಗಲಿಲ್ಲ. ಬಾಗಿಲಲ್ಲೇ ಕೆಲಸ ಮುಗಿಯಿತು.

ಮದುವೆಯಿಂದ ಬಂದವರು ನನ್ನನ್ನು ಆ ಸ್ಥಿತಿಯಲ್ಲಿ ನೋಡಿದರು. ಕವಿತಾ ಅಳಲಿಕ್ಕೆ ಶುರುಮಾಡಿದಳು. ಹಣಮಂತ ಎಲೆಅಡಿಕೆ ಉಗುಳಿ, "ಗಾಳಿಗಿ ಬಂದಾಳ! ಗಾಳಿಗಿ ಬಂದು ಕುಂತಾಳ! ಇನ್ನ ನನ್ನ ಜವಾಬ್ದಾರಿ ಇಲ್ಲ ನೋಡು" ಎಂದ.

"ಬ್ಯಾಡಾಗ್ಯದ ನಿನ್ನ ಜವಾಬ್ದಾರಿ" ಎಂದೆ. ಲಕ್ವಾ ಹೊಡೆದ ಮೇಲೆ ನೆಟ್ಟಗೆ ಬಂದ ಮೊದಲ ಮಾತು ಅದು. "ಗಾಳಿ ತಾಕಿ ಆಗಲೇ ಭಾಳ ಹೊತ್ತಾತು. ಬಾಯಿ ಮತ್ತ ಸೊಟ್ಟಾಗ್ಯದ ಏನು? ನೋಡು. ನಾಳಿ ಚಿತ್ತಾಪುರಕ್ಕ ಕರ್ಕೊಂಡು ಹೋಗ್ರಿ. ಇಲ್ಲಂದ್ರ ದಿನಾ ಹಿಂಗೇ ಉಳ್ಳಾಡಿಕೋತ ಓಣಿಗೆಲ್ಲ ಹೋಗ್ತೀನಿ. ಆವಾಗ ನೋಡಿದವರು ಏನಂತಾರ ಅದೂ ಕೇಳ್ರಿ."

ಆ ಕೊನೆಯ ಮಾತೇ ಕೆಲಸ ಮಾಡಿತು. ಓಣಿಯ ಬಾಯಿಗೆ ಹೆದರುವವರನ್ನು ಓಣಿಯ ಬಾಯಿಂದಲೇ ಹೆದರಿಸಬೇಕು.

ಚಿತ್ತಾಪುರದಲ್ಲಿ ವ್ಯಾಯಾಮ ಹೇಳಿಕೊಡುವವಳು ಸಣ್ಣ ವಯಸ್ಸಿನ ಹುಡುಗಿ, ಎಲ್ಲರೂ ಮೇಡಂ ಎನ್ನುತ್ತಿದ್ದರು. ನನ್ನ ಬೆರಳು ಬಿಡಿಸಿದಾಗ ಜೀವ ಹೋದಂತಾಯಿತು. ಅವಳನ್ನು ಬಾಯಿಗೆ ಬಂದಂತೆ ಬೈದೆ. "ಬೈರಿ ಆಯಿ, ಬೈದ್ರ ಬಾಯಿಗೂ ವ್ಯಾಯಾಮ ಆಗ್ತದ" ಎಂದಳು. ಒಂದು ರಬ್ಬರು ಚೆಂಡು ಕೊಟ್ಟು ಹಿಸುಕಲು ಹೇಳಿದಳು. ಕಲ್ಲು ಹೊತ್ತ ಕೈಗೆ ಚೆಂಡು. ಮನೆಗೆ ಬಂದು ಮೂಲೆಗೆ ಎಸೆದೆ. ಅದರ ಬದಲು ಒದ್ದೆ ಬಟ್ಟೆ ಹಿಂಡಿದೆ, ರೊಟ್ಟಿಯ ಹಿಟ್ಟು ನಾದಿದೆ. ಮುಂದಿನ ಸಲ ಅದನ್ನು ಹೇಳಿದರೆ, ಅದೇ ಚಲೋ ಎಂದಳು. ಕವಿತಾ ಪಕ್ಕದಲ್ಲೇ ಇದ್ದಳು. ಮೇಡಂ ಅವಳಿಗೆ ಹೇಳಿದಳು, "ಇವರ ಕೈಯಾಗಿನ ಕೆಲಸ ಕಸ್ಕೋಬ್ಯಾಡ್ರಿ ಅಕ್ಕಾ. ವರ್ಷ ಪೂರ್ತಿ ಕೈಕಾಲು ಆಡಬೇಕು. ನಿಲ್ಲಿಸಿದ್ರ ಮತ್ತ ಮೊದಲಿನಂಗ."

ವರ್ಷ ಪೂರ್ತಿ ಎಂಬುದನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಣವಾಗುವವರೆಗೆ ಎಂದುಕೊಂಡೆವು. ಅಲ್ಲಿಯೇ ತಪ್ಪಿದ್ದು.

ಉಳಿದ ಬೇಸಿಗೆಯಿಡೀ ಬೆಳಕು ಹರಿಯುವ ಹೊತ್ತಿಗೆ ನಡೆದೆ. ಮೊದಲು ಮಗನ ಹೆಗಲು ಹಿಡಿದು ಅಂಗಳದಲ್ಲಿ, ಆಮೇಲೆ ಕೋಲು ಹಿಡಿದು ಓಣಿಯಲ್ಲಿ. ಕಾಲಿಗಿಂತ ಹೆಚ್ಚಿನ ತಕಲೀಫು ಕೊಟ್ಟದ್ದು ಓಣಿಯ ಜನ. ನಮ್ಮಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ನಡೆದರೆ ಕೈಯಲ್ಲಿ ಕೊಡವೋ ಬುತ್ತಿಯೋ ಇರಬೇಕು, ಎಲ್ಲಿಗೋ ಹೋಗುತ್ತಿರಬೇಕು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ತಿರುಗಿ ಬರುವ ಮುದುಕಿಯನ್ನು ನೋಡಿದರೆ ಯಾರೋ ಸತ್ತಿದ್ದಾರೆ ಅಥವಾ ಸೊಸೆ ಮನೆಯಿಂದ ಹೊರಹಾಕಿದ್ದಾಳೆ ಎಂದುಕೊಳ್ಳುತ್ತಾರೆ.

"ಎಲ್ಲಿಗಿ ಹೊಂಟಿ ಆಯಿ?"

"ಎಲ್ಲಿಗೂ ಇಲ್ಲಪ್ಪ."

"ಹಂಗಾದ್ರ ಯಾಕ ಹೊಂಟಿ? ಮನ್ಯಾಗ ಏನರೆ ಆಗ್ಯದೇನು?"

ಏನೂ ಆಗಿಲ್ಲ ಎಂದು ನಿಂತು ಹೇಳುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಸುಳ್ಳು ಹೇಳಿದರೆ ಸುಲಭ ಎಂದುಕೊಂಡು ಪುಂಡಿಪಲ್ಲೆ ತರಲು ಹೊರಟಿದ್ದೇನೆ ಎಂದೆ. ಆ ಮಾತು ಮುಗಿಯುವ ಮೊದಲೇ ಒಬ್ಬ, "ನೀ ಯಾಕ ಹೋಗ್ತಿ ಈ ಕಾಲಾಗ, ಕುಂದುರು ಇಲ್ಲಿ, ನಾ ತರ್ತೀನಿ" ಎಂದು ಕಟ್ಟೆಯ ಮೇಲೆ ಕೂರಿಸಿ ಓಡಿಹೋಗಿ ಸೊಪ್ಪು ತಂದೇ ಬಿಟ್ಟ. ಕಿರಾಣಿ ಅಂಗಡಿಗೆ ಎಂದರೆ ಮೋಟಾರ್ ಸೈಕಲ್ಲಿನವನು ನಿಲ್ಲಿಸುವನು. "ಹತ್ತು ಆಯಿ, ಬಿಡ್ತೀನಿ." ಬೇಡ ಎಂದರೆ ಅವನಿಗೆ ಅವಮಾನ. ಎತ್ತಿ ಕೂರಿಸಿಕೊಂಡು ಅಂಗಡಿಗೆ ಒಯ್ದು, ಅಲ್ಲಿಂದ ಮನೆಗೆ ತಂದುಬಿಡುವನು. ಕವಿತಾ ಬಾಗಿಲಲ್ಲಿ ನಿಂತು ಅವನಿಗೆ ಚಹಾ ಕೊಡುವಳು. ನನ್ನ ಆ ದಿನದ ನಡಿಗೆ ಮುಗಿಯಿತು. ಈ ಊರಿನವರು ಕೆಟ್ಟವರಾಗಿದ್ದರೆ ನನ್ನ ಕಾಲು ಎಂದೋ ಗುಣವಾಗುತ್ತಿತ್ತು.

ಹೇಗೋ ಬೇಸಿಗೆ ಮುಗಿಯುವ ಹೊತ್ತಿಗೆ ಕೋಲೂರಿಕೊಂಡು ಸಂಡಾಸಕ್ಕೆ ನಾನೇ ಹೋಗತೊಡಗಿದೆ. ಸಿದ್ಧಾರ್ಥ ಒಳಗಡೆ ಗೋಡೆಗೆ ಹಿಡಿಯಲು ಕಬ್ಬಿಣದ ಪೈಪು ಹಾಕಿಸಿದ. ಬಕೆಟ್ಟನ್ನು ಕವಿತಾ ತೊಳೆದು ಹಿತ್ತಲಲ್ಲಿ ಬೋರಲು ಹಾಕಿದಳು. ಅವತ್ತು ಹೊಟ್ಟೆ ತುಂಬ ನೀರು ಕುಡಿದೆ.

ಮಳೆ ಶುರುವಾಯಿತು. ನಮ್ಮ ಓಣಿಯ ಮಣ್ಣು ಎರೆಮಣ್ಣು. ಮಳೆ ಬಿದ್ದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮುಂದೆ ಬರುತ್ತದೆ. ಅಂಗಳದ ಪರ್ಸಿಯ ಮೇಲೆ ಪಾಚಿ. ಎಲ್ಲರೂ ಒಂದೇ ಮಾತು, "ಈಗ ಆರಾಮಾಗ್ಯದಲ್ಲ, ಮಳಿ ನಿಲ್ಲಲಿ, ಆಮ್ಯಾಲ ನಡೀತಿ." ನನಗೂ ಸರಿ ಎನಿಸಿತು. ನಿಜ ಹೇಳುತ್ತೇನೆ, ನಡೆದು ನಡೆದು, ಹಿಟ್ಟು ನಾದಿ ನಾದಿ ಬೇಸತ್ತಿದ್ದೆ, ಎರಡನ್ನೂ ಬಿಟ್ಟೆ. ಸಂಡಾಸಕ್ಕೆ ಕವಿತಾ ಕೊಡೆ ಹಿಡಿದು ತೋಳು ಹಿಡಿದು ಒಯ್ಯುತ್ತಿದ್ದಳು. ಜಾರಿದರೆ ಕಷ್ಟ ಎಂದು ಕೆಲವು ದಿನ ಬಕೆಟ್ಟನ್ನೇ ಒಳಗೆ ತಂದಳು. ಬರೀ ಮಳೆ ಜೋರಿರುವ ದಿನ ಎಂದು ಶುರುವಾಗಿ ದಿನಾ ಆಯಿತು. ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ ಏಳಲು ನೋಡಿದರೆ ಮೊಣಕಾಲು ಮಡಚಲಿಲ್ಲ. ಹಿಮ್ಮಡಿ ನೆಲಕ್ಕೆ ಹತ್ತಲಿಲ್ಲ. ಬೆರಳು ಮತ್ತೆ ಕೋಳಿಕಾಲು.

ಲಕ್ವಾ ಹೊಡೆದ ದಿನ ಅತ್ತಿರಲಿಲ್ಲ. ಆ ಬಕೆಟ್ಟನ್ನು ಮತ್ತೆ ಹಾಸಿಗೆಯ ಪಕ್ಕದಲ್ಲಿ ನೋಡಿ ಅತ್ತೆ. ಸಿಟ್ಟಿಗೆ ಅತ್ತದ್ದು.

ಚಿತ್ತಾಪುರದ ಮೇಡಂ ಕಾಲು ಮುಟ್ಟಿ ನೋಡಿ ಕೇಳಿದಳು, "ಮಳಿಗಾಲಕ್ಕ ರಜಾ ಅಂತ ಯಾರ ಹೇಳಿದ್ರಿ ಆಯಿ?"

"ಎಲ್ಲಾರೂ."

"ಲಕ್ವಾಕ್ಕ ರಜಾ ಇಲ್ಲರಿ. ನಿಮ್ಮ ಊರಾಗ ಕೆಸರಿಲ್ಲದ ಜಾಗ, ಮ್ಯಾಲ ನೆರಳಿದ್ದದ್ದು, ಒಂದರೆ ಅದನೋ ಇಲ್ಲೋ?"

ಇತ್ತು. ರೈಲ್ವೆ ಸ್ಟೇಷನ್ನು. ವಾಡಿಯವರಿಗೆ ಬೇರೆ ಏನೂ ಇಲ್ಲದಿದ್ದರೂ ಉದ್ದನೆಯ ಪ್ಲಾಟ್‌ಫಾರಂ ಇದೆ. ಮೇಲೆ ತಗಡು, ಕೆಳಗೆ ನಾನೇ ಹೊತ್ತಿರಬಹುದಾದ ಕಲ್ಲು. ಸಿದ್ಧಾರ್ಥ ದಿನಾ ಆಟೋದಲ್ಲಿ ಕರೆದೊಯ್ದು, ಪ್ಲಾಟ್‌ಫಾರಂ ಟಿಕೀಟು ತೆಗೆಸಿಕೊಟ್ಟು, ಪಾಳಿ ಇಲ್ಲದ ದಿನ ಕೂತು, ಇದ್ದ ದಿನ ನನ್ನನ್ನು ಬಿಟ್ಟು ಹೋಗುತ್ತಿದ್ದ. ಅಂಗನವಾಡಿ ಮುಗಿಸಿಕೊಂಡು ಕವಿತಾ ಬಂದು ಒಯ್ಯುತ್ತಿದ್ದಳು. ಮೊದಲಿಗೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗಿ ಕೂರುತ್ತಿದ್ದೆ. ಟಿಕೀಟು ನೋಡುವವನು, ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ತಲೆಗೂ ಲಕ್ವಾ ಹೊಡೆದಿದೆ ಎಂದುಕೊಂಡನೋ ಏನೋ, ಮತ್ತೆ ಕೇಳಲಿಲ್ಲ. ಆದರೆ ದಿನಾ ಹೊಸ ಜನ ಬರುವ ಜಾಗ ಅದು. ಕೂಡು ಅಜ್ಜಿ, ಕೂಡು ಅಜ್ಜಿ ಎಂದು ದಿನಾ ಯಾರಾದರೂ ಹಿಡಿದು ಕೂರಿಸುತ್ತಲೇ ಇದ್ದರು.

ದಿನಾ ನಡೆದು ಕಾಲಿನ ಬಿಗಿ ಸಡಿಲಾಗಿತ್ತು. ಒಂದು ದಿನ ಕೊನೆಯ ಕಂಬದವರೆಗೆ ನಿಲ್ಲದೆ ಹೋಗಬೇಕು ಎಂದು ಬಿರಬಿರನೆ ಹೊರಟಿದ್ದೆ. ಕಲಬುರಗಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಪಕ್ಕದಲ್ಲೇ ನಿಂತಿತ್ತು, ಸೀಟಿ ಹೊಡೆಯಿತು. ಕೋಲೂರಿಕೊಂಡು ಕುಂಟುತ್ತ ಓಡುವ ಮುದುಕಿಯನ್ನು ನೋಡಿದ ಬಾಗಿಲಿನ ಗಂಡಸರಿಗೆ ಕರುಣೆ ಉಕ್ಕಿತು.

"ಏ, ಆಯಿಗಿ ಗಾಡಿ ತಪ್ತದ, ಹಿಡಿ ಹಿಡಿ!"

"ನಾ ಹೋಗಂಗಿಲ್ಲೋ!" ಎಂದೆ.

"ಹೋಗ್ತಿ ಹೋಗ್ತಿ, ಅಂಜಬ್ಯಾಡ, ನಾವಿದೀವಿ!"

ಒಬ್ಬ ಕಂಕುಳಿಗೆ ಕೈಹಾಕಿದ, ಇನ್ನೊಬ್ಬ ಕೋಲು ಕಿತ್ತುಕೊಂಡ, ಮೂರನೆಯವನು ಹಿಂದಿನಿಂದ ದೂಡಿದ. ನನ್ನನ್ನು ಜೋಳದ ಚೀಲದಂತೆ ಒಳಗೆ ಎಳೆದುಕೊಂಡರು. ಗಾಡಿ ಬಿಟ್ಟಿತು. ಕಿಟಕಿಯ ಪಕ್ಕದ ಸೀಟನ್ನೂ ಬಿಟ್ಟುಕೊಟ್ಟರು. ನಾನು ಅವರಿಗೆ ಬೈದ ಬೈಗುಳವನ್ನು ಕವಿತಾ ಬರೆಯಲು ಒಪ್ಪಲಿಲ್ಲ. ಪಾಪ, ಅವರ ಮುಖ ಸಣ್ಣದಾಯಿತು. ಶಹಾಬಾದ್ ಬಂದಾಗ ಅದೇ ಮೂವರು ಜೋಪಾನವಾಗಿ ಇಳಿಸಿ, ಕೋಲು ಕೈಗೆ ಕೊಟ್ಟು, ಬಾಳೆಹಣ್ಣು ಮಾರುವ ಹೆಂಗಸೊಬ್ಬಳಿಗೆ ನನ್ನನ್ನು ಒಪ್ಪಿಸಿ ಗಾಡಿ ಹತ್ತಿದರು.

ಸಿದ್ಧಾರ್ಥನ ನಂಬರು ಬರೆದ ಚೀಟಿಯನ್ನು ನನ್ನ ಕೊರಳಿಗೆ ತಾಯಿತದಂತೆ ಒಂದು ದಾರದಲ್ಲಿ ಕಟ್ಟಿದ್ದರು. ಬಾಳೆಹಣ್ಣಿನವಳು ಫೋನು ಹಚ್ಚಿ ನನ್ನ ಕಿವಿಗೆ ಇಟ್ಟಳು.

"ಯವ್ವಾ, ಎಲ್ಲಿದ್ದಿ ಅಲ್ಲೇ ಕುಂದುರು! ಏಳಬ್ಯಾಡ! ಅಲ್ಲಾಡಬ್ಯಾಡ! ನಾ ಬರಾಕತ್ತೀನಿ" ಎಂದು ಒದರಿ ಫೋನು ಇಟ್ಟ.

ಕುಂದುರು. ಏಳಬೇಡ. ಅಲ್ಲಾಡಬೇಡ. ಮಾಘದಿಂದ ಕೇಳಿದ್ದೇ ಇದು. ನನ್ನ ನೆತ್ತಿಗೆ ಏರಿತು.

"ವಾಡಿ ಗಾಡಿ ಎಲ್ಲಿ ನಿಲ್ತದ?" ಎಂದು ಬಾಳೆಹಣ್ಣಿನವಳನ್ನು ಕೇಳಿದೆ.

"ಆ ಕಡಿ ಪ್ಲಾಟ್‌ಫಾರಂ. ಮ್ಯಾಲ ಹತ್ತಿ ಇಳೀಬೇಕು. ನಿನ್ನ ಕೈಲೆ ಎಲ್ಲಿ ಆಗ್ತದ ಆಯಿ, ಸುಮ್ನ ಕುಂದುರು, ಮಗ ಬರ್ತಾನಲ್ಲ."

ಅವಳೂ ಹೇಳಿದಳು. ಎದ್ದೆ.

ಹಳಿಗಳ ಮೇಲೆ ಹಾದುಹೋಗುವ ಆ ಸೇತುವೆಯ ಮೆಟ್ಟಿಲು ನೋಡಿದೆ. ಸಂಡಾಸದ ಒಂದು ಮೆಟ್ಟಿಲು ಹತ್ತಲಾರದೆ ಬಾಗಿಲಲ್ಲಿ ಮಾನ ಕಳೆದುಕೊಂಡವಳು ನಾನು. ಕೋಲನ್ನು ಎಡ ಕಂಕುಳಲ್ಲಿ ಸಿಕ್ಕಿಸಿದೆ. ಬಲಗೈಯಿಂದ ಕಟಕಟೆ ಹಿಡಿದೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಮೇಡಂ ಹೇಳಿಕೊಟ್ಟಿದ್ದಳು. ಬಲಗಾಲು ಇಡು, ಎಡಗಾಲು ಎಳೆ. ನಿಲ್ಲು. ಬೈ. ಮತ್ತೆ ಇಡು. ಹಣಮಂತನನ್ನು ಬೈದೆ, ಆ ಮೂವರನ್ನು ಬೈದೆ, ಮಫ್ಲರನ್ನು ಬೈದೆ. ಹಿಡಿದುಕೊಳ್ಳಲು ಬಂದವರಿಗೆ, "ಮುಟ್ಟಿದ್ರ ನೋಡು" ಎಂದು ಕೋಲು ತೋರಿಸಿದೆ. ಮೇಲೆ ಹತ್ತಿ ನಿಂತಾಗ ದೂರದಲ್ಲಿ ಖಣಿಯ ಕಲ್ಲಿನ ರಾಶಿಗಳು ಮಳೆಯಲ್ಲಿ ತೊಯ್ದು ಕಪ್ಪಗೆ ಕಂಡವು. ಮೇಲೆ ಗಾಳಿ ಭರೋ ಎಂದು ಬೀಸುತ್ತಿತ್ತು. ಸೆರಗು ಹಾರಿಸಿಕೊಂಡು ಬೇಕೆಂದೇ ತುಸು ಹೊತ್ತು ಅಲ್ಲೇ ನಿಂತೆ.

ಸಿದ್ಧಾರ್ಥ ಮೋಟಾರ್ ಸೈಕಲ್ಲಿನಲ್ಲಿ ತೊಯ್ದು ತಪ್ಪಡಿಯಾಗಿ ಬಂದ. ನಾನು ಗಾಡಿ ಇಳಿದ ಕಡೆ ನನ್ನನ್ನು ಹುಡುಕಿ, ಬಾಳೆಹಣ್ಣಿನವಳು ಕೈ ತೋರಿಸಿದ ಮೇಲೆ ಈ ಕಡೆಗೆ ಓಡಿ ಬಂದ. ನಾನು ಆಗಲೇ ಮೆಟ್ಟಿಲಿಳಿದು ವಾಡಿ ಗಾಡಿ ನಿಲ್ಲುವ ಕಡೆಯ ಬೆಂಚಿನ ಮೇಲೆ ಕೂತಿದ್ದೆ.

"ಇಲ್ಲಿಗಿ ಯಾರ ಎತ್ಕೊಂಡು ಬಂದ್ರು ಯವ್ವಾ?"

"ಯಾರೂ ಇಲ್ಲ."

ಅವನು ಮೆಟ್ಟಿಲ ಕಡೆ ನೋಡಿದ. ನನ್ನ ಕಾಲು ನೋಡಿದ. ಮತ್ತೆ ಮೆಟ್ಟಿಲು ನೋಡಿದ. ನಂಬಿಕೆ ಬರಲಿಲ್ಲ ಎಂದು ಕಾಣುತ್ತದೆ, ಹಳಿಯ ಆಚೆ ಇದ್ದ ಬಾಳೆಹಣ್ಣಿನವಳಿಗೆ, "ಖರೇ ಏನಬೇ?" ಎಂದು ಕೂಗಿ ಕೇಳಿದ. "ಖರೇ, ಊರೆಲ್ಲ ಬೈಕೋತ ಹತ್ತಿದಳು!" ಎಂದು ಅವಳು ಕೂಗಿ ಹೇಳಿದಳು. ಅವನು ನನ್ನ ಪಕ್ಕ ಕೂತ. ದವಾಖಾನೆಯಲ್ಲಿ ಚಪ್ಪಲಿ ಹಿಡಿದು ಕೂತಂತೆಯೇ ಕೂತಿದ್ದ. "ನಿಂಗ ಕುಂದುರು ಅಂದಿದ್ದೆ" ಎಂದ.

"ಅದಕ್ಕೇ ಎದ್ದೆ" ಎಂದೆ.

ಆ ದಿನದಿಂದ ಮನೆಯಲ್ಲಿ ಆ ಮಾತು ಕಡಿಮೆಯಾಗಿದೆ. ಹಿಟ್ಟು ನಾನೇ ನಾದುತ್ತೇನೆ, ರೊಟ್ಟಿ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಆಗುತ್ತದೆ, ಎಲ್ಲರೂ ಬಾಯಿ ಮುಚ್ಚಿಕೊಂಡು ತಿನ್ನುತ್ತಾರೆ. ಯಾರಾದರೂ ನೋಡಲು ಬಂದು, ಪಾಪ ಈ ವಯಸ್ಸಿನಲ್ಲಿ ದುಡಿಸುತ್ತೀಯಲ್ಲ ಎಂದರೆ, ಕವಿತಾ ಈಗ, "ಹೌದು, ದುಡಸ್ತೀನಿ" ಎಂದು ಹೇಳಿ ಚಹಾಕ್ಕೆ ಒಳಗೆ ಹೋಗುತ್ತಾಳೆ. ಹಾಗೆ ಹೇಳುವುದು ಅವಳಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹಣಮಂತ ಮಾತ್ರ, ಪಾರಿವಾಳದಿಂದಲೇ ಗುಣವಾದದ್ದು ಎಂದು ಊರಲ್ಲಿ ಹೇಳಿಕೊಂಡು ಓಡಾಡುತ್ತಿದ್ದಾನೆ. ಹೇಳಲಿ. ಅವನಿಗೂ ಬಿ.ಪಿ. ಇದೆ. ಗುಳಿಗೆ ನುಂಗುತ್ತಾನೋ ಇಲ್ಲವೋ ಎಂದು ನಾನೇ ಹೋಗಿ ನೋಡಿ ಬರುತ್ತೇನೆ, ನಡೆದುಕೊಂಡು.

ಪೂರ್ತಿ ಗುಣವಾಗಿಲ್ಲ. ಎಡಗೈ ಲೋಟ ಹಿಡಿಯುತ್ತದೆ, ಸೂಜಿ ಹಿಡಿಯುವುದಿಲ್ಲ. ಚಳಿಗೆ ಕಾಲು ಮರಗಟ್ಟುತ್ತದೆ. ಎರಡು ದಿನ ಬಿಟ್ಟರೆ ಮೂರನೆಯ ದಿನ ಕಾಲು ನನ್ನದಲ್ಲ ಎನ್ನುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಓಣಿ, ಮಳೆಯಲ್ಲಿ ಸ್ಟೇಷನ್ನು, ಚಳಿಯಲ್ಲಿ ಬಿಸಿಲೇರಿದ ಮೇಲೆ ಮತ್ತೆ ಓಣಿ. ಬೇಸರವೇ? ಬಹಳ ಬೇಸರ. ಖಣಿಯಲ್ಲಿ ನಡೆದರೆ ಕಲ್ಲಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು. ಇಲ್ಲಿ ಹೋಗುವವಳೂ ನಾನೇ, ಬರುವವಳೂ ನಾನೇ.

ಎಲ್ಲಿಗೆ ಹೊಂಟಿ ಎಂದು ಕೇಳುವುದನ್ನು ಓಣಿಯವರು ಬಿಟ್ಟಿಲ್ಲ. ಬಿಡುವುದೂ ಇಲ್ಲ. ನಾನು ಮಾತ್ರ ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ನಿನ್ನೆಯೂ ಒಬ್ಬ ಮೋಟಾರ್ ಸೈಕಲ್ಲು ನಿಲ್ಲಿಸಿ, ಹಿಂದಿನ ಸೀಟು ಒರೆಸಿ ಕೇಳಿದ.

"ಎಲ್ಲಿಗಿ ಹೊಂಟಿ ಆಯಿ?"

"ಸಂಡಾಸಕ್ಕ."

ಅವನು ಹಿಂದೆ ಮುಂದೆ ನೋಡಿದ. "ಈ ಕಡಿ ಎಲ್ಲದ? ಮನ್ಯಾಗ ಅದಲ್ಲ ನಿಮ್ದು?"

"ಅದ. ಅದಕ್ಕ ನಾನೇ ಹೋಗಬೇಕಂದ್ರ ದಿನಾ ಇಲ್ಲಿಗಿ ಬರಬೇಕು."

ಅವನಿಗೆ ತಿಳಿಯಿತೋ ಇಲ್ಲವೋ. ಹತ್ತು ಎನ್ನಲಿಲ್ಲ. ನಾನು ತರುತ್ತೇನೆ ಎಂದೂ ಹೇಳಲಿಲ್ಲ. ದಾರಿ ಬಿಟ್ಟ.